ಹಾರ್ನ್ ಹೊಡೆದು ನೋಡಿದರೆ ಸಾಲದು: ಸಾರಿಗೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿನ ಪರೀಕ್ಷೆಗೆ, ಬಂದ ಗಾಡಿಯ ಹಾರ್ನನ್ನು ಒಮ್ಮೆ ಹೊಡೆದು ನೋಡುತ್ತಾರೆ. ಸದ್ದು ಬಂದರೆ ಪಾಸು. ಬಾರದಿದ್ದರೆ ಹೊರಗಿನ ಅಂಗಡಿಯಲ್ಲಿ ಹೇಗೋ ಸದ್ದು ಬರಿಸಿಕೊಂಡು ಬಂದರೆ ಆಗಲೂ ಪಾಸು. ಕೇಂದ್ರ ಮೋಟಾರು ವಾಹನ ನಿಯಮ 119 ಗಾಡಿಗೆ ಹಾರ್ನ್ ಇರಬೇಕು ಎನ್ನುತ್ತದೆ, ಇದೆ, ಅಲ್ಲಿಗೆ ಮುಗಿಯಿತು. ಕಾರಿನ ವೈರಿಂಗ್ ಕೆಲಸವನ್ನೇ ನಂಬಿಕೊಂಡಿರುವ ನಾವು ಈ ಪತ್ರ ಬರೆಯುತ್ತಿರುವುದು, ಇಂಥ ಪರೀಕ್ಷೆಯ ಕೈಗೆ ನಿಜವಾದ ದೋಷ ಸಿಗುವುದೇ ಇಲ್ಲ ಎಂದು ತಮ್ಮ ಗಮನಕ್ಕೆ ತರಲು.

ಹಾರ್ನ್ ಬರುತ್ತಿಲ್ಲ ಎಂಬ ದೂರಿನ ಹಿಂದೆ ಹಾರ್ನೇ ಕೆಟ್ಟಿರಬೇಕೆಂದಿಲ್ಲ. ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸ್ ದಾಟಿ ರಿಲೇಗೆ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್‌ಗೆ, ಬಂದು ಕಾಯುತ್ತಿರುತ್ತದೆ. ಸ್ಟೀರಿಂಗ್ ಪ್ಯಾಡ್ ಒತ್ತಿದಾಗ ರಿಲೇ ಕಾಯಿಲ್‌ಗೆ ಅರ್ತ್ (ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ಸಿಗುತ್ತದೆ, ಒಳಗಿನ ಪಾಯಿಂಟ್ ಕೂಡುತ್ತದೆ, ಬಂಪರ್ ಹಿಂದಿನ ಹಾರ್ನ್‌ಗೆ ನಾಲ್ಕೈದು ಆಂಪಿಯರ್ ಹರಿಯುತ್ತದೆ. ಎರಡು ಹಾರ್ನ್ ಇದ್ದರೆ ಅದರ ಎರಡರಷ್ಟು. ಸ್ಟೀರಿಂಗ್ ತಿರುಗುತ್ತದೆ, ಅದರ ಕೆಳಗಿನ ಕಾಲಮ್ ಕವಚ ತಿರುಗುವುದಿಲ್ಲ. ಹಳೆಯ ಕಾರುಗಳಲ್ಲಿ ಈ ಎರಡರ ನಡುವೆ ಲೋಹದ ಬಳೆಯೊಂದು, ಅದಕ್ಕೆ ಉಜ್ಜುತ್ತ ನಿಲ್ಲುವ ಸ್ಪ್ರಿಂಗ್ ಪಾಯಿಂಟ್ ಒಂದು ಇರುತ್ತಿತ್ತು. ಅದು ಸವೆದರೆ ಹೋಗುತ್ತಿದ್ದದ್ದು ಹಾರ್ನ್ ಮಾತ್ರ. ಎಮರಿ ಪೇಪರ್‌ನಲ್ಲಿ ತಿಕ್ಕಿದರೆ ಮತ್ತೆ ಸರಿ.

ಏರ್‌ಬ್ಯಾಗ್ ಬಂದ ಮೇಲೆ ಲೆಕ್ಕ ಬದಲಾಯಿತು. ಈಗ ಅಲ್ಲಿರುವುದು ಕ್ಲಾಕ್ ಸ್ಪ್ರಿಂಗ್. ಪ್ಲಾಸ್ಟಿಕ್ ಡಬ್ಬಿಯೊಳಗೆ ಸುರುಳಿ ಸುತ್ತಿಟ್ಟ ಚಪ್ಪಟೆ ರಿಬ್ಬನ್ ಕೇಬಲ್ ಅದು. ಸ್ಟೀರಿಂಗ್ ಒಂದು ಕಡೆ ತಿರುಗಿದರೆ ಬಿಗಿಯಾಗುತ್ತದೆ, ಇನ್ನೊಂದು ಕಡೆ ತಿರುಗಿದರೆ ಸಡಿಲವಾಗುತ್ತದೆ. ಹಾರ್ನ್, ಆಡಿಯೊ ಬಟನ್, ಡ್ರೈವರ್ ಏರ್‌ಬ್ಯಾಗ್, ಮೂರರ ವೈರೂ ಇದರೊಳಗಿಂದಲೇ ಹೋಗುತ್ತದೆ. 2019ರ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದ್ದರಿಂದ ಕಡಿಮೆ ಬೆಲೆಯ ಮಾಡೆಲ್‌ನಲ್ಲೂ ಈಗ ಕ್ಲಾಕ್ ಸ್ಪ್ರಿಂಗ್ ಇದೆ. ಮಡಿಕೆ ಬಿದ್ದ ಕಡೆ ರಿಬ್ಬನ್ ಬಿರುಕು ಬಿಡುತ್ತದೆ. ಮೊದಮೊದಲು ಸ್ಟೀರಿಂಗ್ ಒಂದು ಕಡೆಗಿದ್ದಾಗ ಮಾತ್ರ ಹಾರ್ನ್ ಬರುವುದಿಲ್ಲ, ನೇರ ಮಾಡಿದರೆ ಬರುತ್ತದೆ. ಆಮೇಲೆ ಪೂರ್ತಿ ನಿಲ್ಲುತ್ತದೆ. ಜೊತೆಗೆ ಮೀಟರ್‌ನಲ್ಲಿ ಏರ್‌ಬ್ಯಾಗ್ ಲೈಟ್ ಹತ್ತಿಕೊಂಡರೆ, ಗುದ್ದಿದಾಗ ಆ ಚೀಲ ತೆರೆದುಕೊಳ್ಳುತ್ತದೆಂಬ ಭರವಸೆ ಇಲ್ಲ ಎಂದರ್ಥ.

ಈ ಸ್ಥಿತಿಗೆ ಬಂದ ಗಾಡಿಗೆ ರಸ್ತೆಬದಿಯಲ್ಲಿ ಆಗುವ ಚಿಕಿತ್ಸೆ ಏನು ಗೊತ್ತೇ? ಡ್ಯಾಶ್‌ಬೋರ್ಡ್ ಕೆಳಗೆ ಒಂದು ಬೆಲ್ ಬಟನ್. ಅದರಿಂದ ನೇರ ರಿಲೇಗೆ ಒಂದು ವೈರ್. ಹಾರ್ನ್ ಕೂಗುತ್ತದೆ, ಎಫ್‌ಸಿ ಪಾಸಾಗುತ್ತದೆ, ಹರಿದ ರಿಬ್ಬನ್ ಹರಿದೇ ಇರುತ್ತದೆ. ಏರ್‌ಬ್ಯಾಗ್ ಲೈಟ್ ಕಣ್ಣಿಗೆ ಚುಚ್ಚುತ್ತದೆಂದು ಮೀಟರ್ ಬಿಚ್ಚಿ ಅದರ ಬಲ್ಬ್ ಕಿತ್ತುಹಾಕುವವರೂ ಇದ್ದಾರೆ. ಇನ್ನೂ ಜಾಣರು ಏರ್‌ಬ್ಯಾಗ್ ಕನೆಕ್ಟರ್‌ಗೆ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಸಣ್ಣ ಬಿಡಿಭಾಗ) ಸಿಕ್ಕಿಸಿ, ಏರ್‌ಬ್ಯಾಗ್ ಇದೆ ಎಂದು ಕಂಪ್ಯೂಟರ್‌ಗೆ ಸುಳ್ಳು ಹೇಳಿಸುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಹೊಸ ಕ್ಲಾಕ್ ಸ್ಪ್ರಿಂಗ್ ಹಾಕಿದರೂ ಹಾಕುವ ಕ್ರಮ ತಪ್ಪಿದರೆ ಮೊದಲ ಫುಲ್ ಟರ್ನ್‌ನಲ್ಲೇ ಹರಿಯುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಏರ್‌ಬ್ಯಾಗ್ ಕಂಪ್ಯೂಟರ್‌ನಲ್ಲಿ ಉಳಿದ ಚಾರ್ಜ್ ಇಳಿಯುವವರೆಗೆ ಕಾಯಬೇಕು. ಮ್ಯಾನುಯಲ್‌ಗಳು ಒಂದೂವರೆ ನಿಮಿಷದಿಂದ ಹತ್ತು ನಿಮಿಷದವರೆಗೆ ಬೇರೆ ಬೇರೆ ಹೊತ್ತು ಹೇಳುತ್ತವೆ, ಹತ್ತು ನಿಮಿಷ ಬಿಟ್ಟರೆ ಕ್ಷೇಮ. ಮುಂದಿನ ಚಕ್ರಗಳು ನೇರ ಇರಬೇಕು. ಹೊಸದು ತಿರುಗದಂತೆ ಹಿಡಿದಿಡುವ ಲಾಕ್ ಪಿನ್ ಮೊದಲೇ ಕಿತ್ತಿದ್ದರೆ ಅದನ್ನು ಮೆತ್ತಗೆ ಒಂದು ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಎಂದು ಎಣಿಸಿ, ಅದರ ಅರ್ಧ ಹಿಂದಕ್ಕೆ ತಂದು ಗುರುತಿಗೆ ಗುರುತು ಕೂಡಿಸಬೇಕು. ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್‌ಗೆ ಟೆಸ್ಟ್ ಲ್ಯಾಂಪ್ ಹಿಡಿಯಲೇಬಾರದು, ಆ ಸಣ್ಣ ಕರೆಂಟೇ ಏರ್‌ಬ್ಯಾಗನ್ನು ಸಿಡಿಸಬಹುದು. ಇದಿಷ್ಟನ್ನು ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚುಹಾಕಿ ಗ್ಯಾರೇಜುಗಳಿಗೆ ಹಂಚಲು ಇಲಾಖೆಗೆ ದೊಡ್ಡ ಖರ್ಚೇನೂ ಬಾರದು.

ಎರಡನೆಯ ದೋಷ ಗಾಡಿ ಕೊಂಡ ಮೇಲೆ ಬರುವಂಥದ್ದು. ಕಂಪನಿಯ ಹಾರ್ನ್ ಸಣ್ಣದಾಯಿತೆಂದು ಜೋಡಿ ಟ್ರಂಪೆಟ್ ಹಾರ್ನ್ ಹಾಕಿಸುತ್ತಾರೆ. ಒಂದು ಹಾರ್ನ್‌ಗೆಂದು ಎಳೆದ ಸಣ್ಣ ವೈರಿನಲ್ಲಿ ಹತ್ತು ಆಂಪಿಯರ್ ಮೀರಿ ಹರಿಯುತ್ತದೆ. ಕಂಪ್ರೆಸರ್ ಇರುವ ಏರ್ ಹಾರ್ನ್ ಆದರೆ ಇನ್ನೂ ಹೆಚ್ಚು. ಫ್ಯೂಸ್ ಹಾರುತ್ತದೆ. ಹಾರಲೇಬೇಕು, ಅದರ ಕೆಲಸವೇ ಅದು. ಆಗ 15 ಆಂಪಿಯರ್‌ನ ನೀಲಿ ಫ್ಯೂಸ್ ಜಾಗಕ್ಕೆ 30ರ ಹಸಿರು ಫ್ಯೂಸ್ ಸಿಕ್ಕಿಸುತ್ತಾರೆ, ಇಲ್ಲವೇ ತಾಮ್ರದ ಎಳೆ ಸುತ್ತುತ್ತಾರೆ. ಇನ್ನು ಮೊದಲು ಸುಡುವುದು ವೈರಿನ ಸಿಪ್ಪೆ, ಆಮೇಲೆ ಅದಕ್ಕೆ ತಾಗಿಕೊಂಡ ಹೆಡ್‌ಲೈಟ್ ವೈರು. ನಿಂತ ಕಾರಿಗೆ ಬೆಂಕಿ ಬಿತ್ತು ಎಂದಾಗ ಜನ ಎಂಜಿನನ್ನೋ ಬಿಸಿಲನ್ನೋ ಬೈಯುತ್ತಾರೆ. ಮೊದಲು ಫ್ಯೂಸ್ ಬಾಕ್ಸ್ ನೋಡಬೇಕು.

ಸರಿಯಾದ ಕ್ರಮ ಕಷ್ಟದ್ದಲ್ಲ. ಬ್ಯಾಟರಿ ಪಾಸಿಟಿವ್‌ನಿಂದ 2.5 ಚದರ ಮಿ.ಮೀ. ವೈರ್, ಬ್ಯಾಟರಿಯಿಂದ ಒಂದು ಗೇಣಿನೊಳಗೆ 20 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್. 87ನೇ ಪಿನ್‌ನಿಂದ ಹಾರ್ನ್‌ಗಳಿಗೆ. ಕಂಪನಿ ಹಾರ್ನ್‌ಗೆ ಬರುತ್ತಿದ್ದ ಹಳೆಯ ವೈರ್ 86ಕ್ಕೆ, 85 ಅರ್ತ್‌ಗೆ. ಜಾಯಿಂಟನ್ನು ತಿರುಚಿ ಟೇಪ್ ಸುತ್ತಬಾರದು. ಬಾನೆಟ್ ಬಿಸಿಗೆ ಆ ಅಂಟು ಕರಗಿ ಜಾರುತ್ತದೆ. ಲೋಹದ ತುಂಡಿನೊಳಗೆ ಇಟ್ಟು ಒತ್ತಿ ಬಿಗಿದು (ಕ್ರಿಂಪ್ ಮಾಡಿ) ಸ್ಲೀವ್ ಹಾಕಬೇಕು.

ಕರ್ಕಶ ಹಾರ್ನ್ ಮತ್ತು ಬಹುಸ್ವರದ ಹಾರ್ನ್ ಇರಲೇಬಾರದು ಎಂದು ಅದೇ ನಿಯಮ 119 ಹೇಳುತ್ತದೆ. ತಮ್ಮ ಅಧಿಕಾರಿಗಳು ಅವನ್ನು ಕೀಳಿಸುವುದು ಸರಿಯೇ. ಆದರೆ ರಿಲೇ ಇಲ್ಲದೆ ನೇರ ಬ್ಯಾಟರಿಯಿಂದ ಎಳೆದ ಹಾರ್ನ್‌ನ ವೈರನ್ನು ಹಾರ್ನ್ ಹತ್ತಿರವೇ ಕತ್ತರಿಸಿದರೆ ಕರೆಂಟಿರುವ ತುದಿ ಗಾಡಿಯ ಲೋಹದ ಮೈಗೆ ತಾಗುತ್ತ ನೇತಾಡುತ್ತದೆ. ಬ್ಯಾಟರಿ ಕಡೆಯ ಸಂಪರ್ಕ ಬಿಚ್ಚಿಸಿ ಆಮೇಲೆ ಹಾರ್ನ್ ಕೀಳಲು ಹೇಳಬೇಕು. ಹಾರ್ನ್‌ನಲ್ಲಿ ಕೊಳಲು, ತಬಲಾದ ನಾದ ಬರಲಿ ಎಂದು ಕೇಂದ್ರದ ಸಾರಿಗೆ ಸಚಿವರು ಹೇಳಿದ್ದಾರೆ. ಬರಲಿ, ಬೇಡವೆನ್ನುವವರು ಯಾರು? ಸ್ಟೀರಿಂಗ್‌ನಲ್ಲಿ ಒತ್ತಿದ್ದು ಕೊಳಲಿಗೆ ತಲುಪಬೇಕಾದರೂ ಈ ರಿಬ್ಬನ್ ನೆಟ್ಟಗಿರಬೇಕು.

ಕರಾವಳಿ, ಮಲೆನಾಡಿನ ಗಾಡಿಗಳ ಕಥೆ ಬೇರೆ. ಹಾರ್ನ್ ಇರುವುದೇ ಚಕ್ರದ ನೀರು, ಕೆಸರು ರಾಚುವ ಜಾಗದಲ್ಲಿ. ಟ್ರಂಪೆಟ್‌ನ ಬಾಯಿ ಕೆಳಗೆ ಮುಖ ಮಾಡಿಲ್ಲದಿದ್ದರೆ ನೀರು ನಿಂತು ಒಳಗಿನ ತಗಡು ತುಕ್ಕು ಹಿಡಿಯುತ್ತದೆ, ಟರ್ಮಿನಲ್‌ಗೆ ಹಸಿರು ಕಿಲುಬು ಕಟ್ಟುತ್ತದೆ. ಸದ್ದು ಸಣ್ಣಗಾಯಿತೆಂದು ಹಾರ್ನ್ ಹಿಂದಿನ ಸ್ಕ್ರೂ ತಿರುಗಿಸುತ್ತ ಕೂರುವ ಬದಲು ಮಲ್ಟಿಮೀಟರ್ ಹಿಡಿಯಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಹಾರ್ನ್ ಒತ್ತಿ ಹಿಡಿದು, ಹಾರ್ನ್‌ನ ಎರಡು ಟರ್ಮಿನಲ್ ನಡುವೆ ಅಳೆದಾಗ ಬ್ಯಾಟರಿಯದಕ್ಕಿಂತ ಒಂದು ವೋಲ್ಟ್ ಮೀರಿ ಇಳಿದಿದ್ದರೆ ದೋಷ ವೈರಿನಲ್ಲೋ ಅರ್ತ್‌ನಲ್ಲೋ ಇದೆ, ಹಾರ್ನ್‌ನಲ್ಲಿಲ್ಲ. ಹಾರ್ನ್ ಒತ್ತಿದರೆ ಹೆಡ್‌ಲೈಟ್ ಮಂಕಾಗುವುದು, ಇಂಡಿಕೇಟರ್ ತಡವರಿಸುವುದು ಇದ್ದರೆ ಗಾಡಿಯ ಮೈಗೆ ಬಿಗಿದ ಅರ್ತ್ ಬೋಲ್ಟ್ ಬಿಚ್ಚಿ, ಪೇಂಟ್, ತುಕ್ಕು ಕೆರೆದು ಬಿಗಿದರೆ ಎಷ್ಟೋ ಸಲ ಮೂರೂ ಒಟ್ಟಿಗೆ ಸರಿಹೋಗುತ್ತವೆ. ಇಲಿ ಕಡಿದ ವೈರಿನ ವಿಷಯ ಹೇಳುವುದೇ ಬೇಡ.

ತಾನಾಗಿ ಕೂಗಲು ಶುರುವಾಗಿ ನಿಲ್ಲದ ಹಾರ್ನ್‌ಗೆ ಸಾಮಾನ್ಯವಾಗಿ ಕಾರಣ ಎರಡು. ಒಂದೋ ರಿಲೇಯ ಪಾಯಿಂಟ್ ಬೆಸೆದುಕೊಂಡಿದೆ, ಇಲ್ಲವೇ ಪ್ಯಾಡ್ ಕೆಳಗಿನ ಸ್ವಿಚ್ ಸಿಕ್ಕಿಕೊಂಡಿದೆ. ರಿಲೇ ಕಿತ್ತರೆ ಸದ್ದು ನಿಲ್ಲುತ್ತದೆ. ಅದು ಎಲ್ಲಿದೆ ಎಂದು ಫ್ಯೂಸ್ ಬಾಕ್ಸ್ ಮುಚ್ಚಳದ ಮೇಲೆ ಬರೆದಿರುತ್ತದೆ. ಈಗಿನ ಕೆಲವು ಕಾರುಗಳಲ್ಲಿ ರಿಲೇ ಕಂಪ್ಯೂಟರ್ ಬೋರ್ಡ್‌ನೊಳಗೇ ಇರುತ್ತದೆ, ಅಲ್ಲಿ ಫ್ಯೂಸ್ ಕೀಳುವುದೊಂದೇ ದಾರಿ.

ಈಗ ನಮ್ಮ ಬೇಡಿಕೆ. ಎಫ್‌ಸಿ ಮತ್ತು ಆರ್‌ಸಿ ನವೀಕರಣದ ಪರೀಕ್ಷೆಗೆ ಈ ಕ್ರಮವನ್ನು ಸೇರಿಸಿ ಸುತ್ತೋಲೆ ಹೊರಡಿಸಿ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷವಿದೆ, ಹತ್ತಲೇ ಇಲ್ಲವೆಂದರೆ ಬಲ್ಬ್ ಕಿತ್ತಿದ್ದಾರೆಂದು ಅನುಮಾನಿಸಬೇಕು. ಎಂಜಿನ್ ಸ್ಟಾರ್ಟ್ ಮಾಡಿ, ಹಾರ್ನನ್ನು ಸ್ಟೀರಿಂಗ್ ಪ್ಯಾಡ್‌ನಿಂದಲೇ ಒತ್ತುತ್ತ, ಸ್ಟೀರಿಂಗನ್ನು ಎಡ ಕೊನೆಯಿಂದ ಬಲ ಕೊನೆಗೆ ತಿರುಗಿಸಬೇಕು. ನಡುವೆ ಸದ್ದು ತುಂಡಾದರೆ ಪಾಸು ಮಾಡಬಾರದು. ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ಹಾರ್ನ್. ಕೊನೆಗೆ ಫ್ಯೂಸ್ ಬಾಕ್ಸ್ ತೆರೆದು, ಮುಚ್ಚಳದಲ್ಲಿ ಬರೆದ ಆಂಪಿಯರ್‌ಗೂ ಒಳಗಿರುವ ಫ್ಯೂಸಿನ ಬಣ್ಣಕ್ಕೂ ಹೊಂದಿಕೆ ಇದೆಯೇ ಎಂದು ನೋಡಬೇಕು. ಮೂರು ನಿಮಿಷದ ಕೆಲಸ, ಯಂತ್ರ ಬೇಡ. ರೆಸಿಸ್ಟರ್ ಮೋಸ ಇದರಲ್ಲಿ ಸಿಗುವುದಿಲ್ಲ, ನಿಜ. ಅದಕ್ಕೆ ಪ್ಯಾಡ್ ಬಿಚ್ಚಿಯೇ ನೋಡಬೇಕು.

ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಇದೆ. ಬಿಳಿ ಬೋರ್ಡ್ ಕಾರು ಎಮಿಷನ್ ಟೆಸ್ಟ್ ಬಿಟ್ಟರೆ 15 ವರ್ಷ ತುಂಬುವವರೆಗೆ ಪರೀಕ್ಷೆಯ ಮುಖ ನೋಡುವುದಿಲ್ಲ. ಮಾಲೀಕತ್ವ ವರ್ಗಾವಣೆಯ ಸಮಯದಲ್ಲಾದರೂ ಈ ತಪಾಸಣೆ ಸೇರಿಸಲು ಸಾಧ್ಯವೇ ಎಂದು ಪರಿಶೀಲಿಸಿ, ಅಗತ್ಯವಿದ್ದರೆ ಕೇಂದ್ರಕ್ಕೆ ಬರೆಯಿರಿ.

ಇನ್ನೊಂದು ವಿಷಯಕ್ಕೆ ಗಡುವಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ ಕಲಂ 110ಎ ಪ್ರಕಾರ, ದೋಷವಿರುವ ವಾಹನಗಳನ್ನು ವಾಪಸ್ ಕರೆಸಿಕೊಳ್ಳಲು ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಗಾಡಿಗೆ ಏಳು ವರ್ಷ ಮೀರಿರಬಾರದು, ದೂರುಗಳು ನಿಗದಿತ ಸಂಖ್ಯೆ ಮುಟ್ಟಬೇಕು. 2019ರ ಜುಲೈನಲ್ಲಿ ಮಾರಾಟವಾದ ಕಾರಿಗೆ 2026ರ ಜುಲೈಗೆ ಏಳು ತುಂಬುತ್ತದೆ. ಒಬ್ಬರ ದೂರು ‘ಹಾರ್ನ್ ಬರುತ್ತಿಲ್ಲ’, ಇನ್ನೊಬ್ಬರದು ‘ಆಡಿಯೊ ಬಟನ್ ಸತ್ತಿದೆ’, ಮೂರನೆಯವರದು ‘ಏರ್‌ಬ್ಯಾಗ್ ಲೈಟ್ ಆರುತ್ತಿಲ್ಲ’ ಎಂದು ಮೂರು ಕಡೆ ಚದುರಿದರೆ ಒಂದೇ ಭಾಗದ ದೋಷ ಎಂದೂ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ಆರ್‌ಟಿಒ ಕಚೇರಿಯಲ್ಲಿ ಮಾಡೆಲ್, ತಯಾರಿಕೆಯ ತಿಂಗಳು, ಓಡಿದ ಕಿಲೋಮೀಟರ್, ಕೆಟ್ಟ ಭಾಗದ ಹೆಸರು, ಈ ನಾಲ್ಕು ಅಂಕಣದ ಒಂದು ರಿಜಿಸ್ಟರ್ ಇಟ್ಟು, ಮೂರು ತಿಂಗಳಿಗೊಮ್ಮೆ ಕೇಂದ್ರಕ್ಕೆ ಕಳುಹಿಸಿ. ಕೆಟ್ಟ ಭಾಗ ಯಾವುದೆಂದು ಗುರುತಿಸಿ ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇಂತಿ,
ಆಟೊ ಎಲೆಕ್ಟ್ರಿಕಲ್ ಕೆಲಸದಲ್ಲಿರುವವರು