ಸೂಜಿಯ ಪೊಟ್ಟಣ ಕಣ್ಣೆದುರೇ ಒಡೆಯಲಿ

ರಕ್ತ ಪರೀಕ್ಷೆಗೆ ಕೈ ಚಾಚಿದರೆ ಎಚ್‌ಐವಿ ಅಂಟೀತೆಂಬ ಅಳುಕು ಮಂಡ್ಯ ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಸಕ್ಕರೆ ಕಾಯಿಲೆಯಿರುವ ನನ್ನ ತಾಯಿ ಕಳೆದ ವಾರ ಇದೇ ಭಯದಿಂದ ರಕ್ತ ಕೊಡದೆ ಮನೆಗೆ ಬಂದರು. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಮತ್ತೊಬ್ಬರಿಗೆ ಬಳಸಿದರೆ ಅಪಾಯವೇ ಹೊರತು, ಹೊಸ ಸೂಜಿಯಿಂದ ಸೋಂಕು ತಗಲುವುದಿಲ್ಲ. ಇದನ್ನು ಅಮ್ಮನಿಗೆ ಹೇಳಿಯೇ ಕರೆದೊಯ್ದಿದ್ದೆ. ಆದರೆ ಪ್ರಯೋಗಾಲಯದ ಸಿಬ್ಬಂದಿ ಪರದೆಯ ಹಿಂದೆ ಸೂಜಿ ಸಿದ್ಧಪಡಿಸಿ ತಂದರು. ಅದು ಹೊಸತೋ ಹಳೆಯದೋ ಅಮ್ಮನಿಗೆ ತಿಳಿಯುವುದಾದರೂ ಹೇಗೆ? ಕೇಳಿದ್ದಕ್ಕೆ ಗದರಿದರು. ರೋಗಿಯ ಕಣ್ಣೆದುರೇ ಪೊಟ್ಟಣ ಒಡೆದು, ಬಳಸಿದ ಸೂಜಿಯನ್ನು ಅಲ್ಲಿಯೇ ನಾಶಪಡಿಸುವಂತೆ ಆರೋಗ್ಯ ಇಲಾಖೆ ಎಲ್ಲ ಪ್ರಯೋಗಾಲಯಗಳಿಗೂ ತಾಕೀತು ಮಾಡಲಿ. ಎಚ್‌ಐವಿ ಕುರಿತ ಉಚಿತ ಸಹಾಯವಾಣಿ 1097ರ ಫಲಕವನ್ನೂ ಗೋಡೆಗೆ ಹಾಕಿಸಲಿ.

– ಓದುಗ, ಮಂಡ್ಯ