ಕ್ಲೌನ್ ಮೀನನ್ನು ಇನ್ನು 45 ದಿನ ಬೇರೆ ಇಟ್ಟೇ ಕೊಡುತ್ತೇವೆ

ಮಾನ್ಯ ಗ್ರಾಹಕರೇ,

ಬರುವ ತಿಂಗಳ 1ರಿಂದ ನಮ್ಮಲ್ಲಿ 45 ದಿನ ಕ್ವಾರಂಟೈನ್ (ಬೇರೆ ತೊಟ್ಟಿಯಲ್ಲಿಟ್ಟು ಚಿಕಿತ್ಸೆ) ಮುಗಿಸಿದ ಕ್ಲೌನ್ ಮೀನು ಮಾತ್ರ ಸಿಗುತ್ತದೆ. ಜೋಡಿಗೆ 500 ರೂಪಾಯಿ ಹೆಚ್ಚಾಗುತ್ತದೆ. ಮುಂಗಡ ಕೊಟ್ಟ ಮೀನು ಈ ನಡುವೆ ಸತ್ತರೆ ಹಣ ಪೂರ್ತಿ ವಾಪಸ್.

‘ಚೆನ್ನಾಗಿ ತಿನ್ನುತ್ತಿದೆಯಲ್ಲ, ಈಗಲೇ ಕೊಡಿ’ ಎನ್ನುತ್ತೀರಿ. ಪರಾವಲಂಬಿಗಳು ಕಿವಿರಿನೊಳಗೆ ಅಡಗಿದ್ದರೂ ಮೀನು ತಿನ್ನುತ್ತಲೇ ಇರಬಹುದು. ಮೈಮೇಲೆ ರವೆ ಕಾಳಿನಂಥ ಚುಕ್ಕೆ ಎದ್ದರೆ ಬಿಳಿಚುಕ್ಕೆ ರೋಗ, ಹಿಟ್ಟು ಉದುರಿಸಿದಂತಿದ್ದರೆ ವೆಲ್ವೆಟ್ ರೋಗ. ಗಂಜಿಯಂಥ ಲೋಳೆ ಕಟ್ಟಿ ಮೀನು ಏದುಸಿರು ಬಿಡುತ್ತಿದ್ದರೆ ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿ. ಕ್ಲೌನ್ ಮೀನಿಗೆ ಇದೇ ದೊಡ್ಡ ಶತ್ರು, ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಇದಕ್ಕೆ ತಾಮ್ರದ ಔಷಧಿ ನಾಟುವುದಿಲ್ಲ.

ಹಾಗಾಗಿ ಮೊದಲ ದಿನವೇ ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ದ್ರಾವಣ) ಸ್ನಾನ: 10 ಲೀಟರ್ ಉಪ್ಪುನೀರಿಗೆ 37 ಶೇಕಡಾ ಫಾರ್ಮಲಿನ್ 1.5 ಮಿ.ಲೀ., ಏರ್ ಪಂಪ್ ಜೋರಾಗಿಟ್ಟು ಒಂದು ಗಂಟೆ. ಫಾರ್ಮಲಿನ್ ನೀರಿನ ಆಮ್ಲಜನಕವನ್ನು ತಗ್ಗಿಸುವುದರಿಂದ ಪಂಪ್ ನಿಂತರೆ ಮೀನು ಉಳಿಯದು. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಕಂಡರೆ ಅದು ಇನ್ನೂ ಹೆಚ್ಚು ವಿಷ, ಬಳಸಬೇಡಿ. ಮನೆಯಲ್ಲಿ ಮಾಡುವವರು ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಅದರ ಹೊಗೆ ನಮಗೂ ಕೆಟ್ಟದ್ದೇ.

ಸ್ನಾನವಾದ ಮೇಲೆ ಮರಳು, ಕಲ್ಲು ಏನೂ ಇಲ್ಲದ ತೊಟ್ಟಿ. ಅಡಗಲು ಪಿವಿಸಿ ಪೈಪಿನ ತುಂಡು, ಮೊದಲೇ ಬ್ಯಾಕ್ಟೀರಿಯಾ ಬೆಳೆಸಿದ ಸ್ಪಂಜ್ ಫಿಲ್ಟರ್, ಅಷ್ಟೇ. ಇಲ್ಲಿ 30 ದಿನ ತಾಮ್ರ. ನಾವು ಬಳಸುವುದು ಕೀಲೇಟೆಡ್ (ಬೇರೆ ವಸ್ತುವಿನ ಜೊತೆ ಬೆಸೆದ) ತಾಮ್ರ, ಲೀಟರಿಗೆ 2.25ರಿಂದ 2.5 ಮಿ.ಗ್ರಾಂ. ಅಯಾನಿಕ್ (ಹಾಗೆ ಬೆಸೆಯದ) ತಾಮ್ರವಾದರೆ 0.5 ಮಾತ್ರ. ಈ ಎರಡನ್ನು ಅದಲುಬದಲು ಮಾಡಿದಾಗಲೇ ಅನಾಹುತ: ಒಂದು ಕಡೆ ಮೀನು ಸಾಯುತ್ತದೆ, ಇನ್ನೊಂದು ಕಡೆ ರೋಗ ಉಳಿಯುತ್ತದೆ. ಲೇಬಲ್ ಓದಿ. ತಾಮ್ರ ಕೊಲ್ಲುವುದು ನೀರಿನಲ್ಲಿ ಈಜುತ್ತಿರುವ ಪರಾವಲಂಬಿಯ ಮರಿಗಳನ್ನಷ್ಟೇ, ಮೀನಿನ ಚರ್ಮದೊಳಗೆ ಇರುವುದನ್ನಲ್ಲ. ಅದಕ್ಕೇ ಇಷ್ಟು ದಿನ, ಮತ್ತು ನಡುವೆ ಒಮ್ಮೆ ಮಟ್ಟ ಕುಸಿದರೂ ನಾವು ಮತ್ತೆ ಒಂದರಿಂದ ಎಣಿಸುತ್ತೇವೆ. ನೀರು ಬದಲಿಸುವಾಗ ಹೊಸ ನೀರಿಗೂ ಅದೇ ಪ್ರಮಾಣದ ತಾಮ್ರ ಬೆರೆಸಿರಬೇಕು. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ ಏರಿತೆಂದು ಅದನ್ನು ಕಟ್ಟಿಹಾಕುವ ದ್ರಾವಣ ಸುರಿಯಬೇಡಿ. ಅಂಥ ಹಲವು ದ್ರಾವಣಗಳು ತಾಮ್ರದ ಜೊತೆ ಸೇರಿ ಅದನ್ನು ಇನ್ನಷ್ಟು ವಿಷವಾಗಿಸುತ್ತವೆ. ನೀರು ಬದಲಿಸುವುದೇ ದಾರಿ.

ಆಮೇಲೆ ಕಾರ್ಬನ್ (ಶೋಧಿಸುವ ಇದ್ದಿಲು) ಹಾಕಿ ತಾಮ್ರ ತೆಗೆದು, ಕಾರ್ಬನ್ನನ್ನೂ ತೆಗೆದು, ಚಪ್ಪಟೆ ಹುಳುಗಳಿಗೆ ಪ್ರಾಜಿಕ್ವಾಂಟೆಲ್: ಲೀಟರಿಗೆ 2.5 ಮಿ.ಗ್ರಾಂ, ವಾರ ಬಿಟ್ಟು ಇನ್ನೊಮ್ಮೆ. ಉಳಿದ ದಿನ ಔಷಧಿಯಿಲ್ಲದೆ ಬರೀ ಗಮನಿಸುವುದು. ತಾಮ್ರವಿದ್ದಾಗ ರೋಗ ಅಡಗಿರಬಹುದಲ್ಲ.

ಹ್ಯಾಚರಿ ಮರಿಗಳಿಗೂ ಇದೇ ಕ್ರಮ. ಅವು ಸಗಟು ವ್ಯಾಪಾರಿಯ ತೊಟ್ಟಿಯಲ್ಲಿ ಸಮುದ್ರದ ಮೀನಿನ ಜೊತೆ ಒಂದೇ ನೀರು ಹಂಚಿಕೊಂಡೇ ಬಂದಿರುತ್ತವೆ.

ಒಂದು ಮಾತು ಬಾಕಿ. ನಿಮ್ಮ ತೊಟ್ಟಿಯಲ್ಲಿ ಬಿಳಿಚುಕ್ಕೆ ಈಗಾಗಲೇ ಇದ್ದರೆ ನಮ್ಮ 45 ದಿನ ವ್ಯರ್ಥ. ಹವಳ, ಸೀಗಡಿ ಇರುವ ತೊಟ್ಟಿಗೆ ತಾಮ್ರ ಹಾಕುವಂತಿಲ್ಲ, ಸೀಗಡಿ ಸಾಯುತ್ತವೆ, ಕಲ್ಲುಗಳು ಔಷಧಿ ಹೀರುತ್ತವೆ. ಮೀನುಗಳನ್ನೆಲ್ಲ ಬೇರೆ ತೊಟ್ಟಿಗೆ ಹಾಕಿ ಚಿಕಿತ್ಸೆ ಕೊಡಿ, ಮೀನು ಸಿಗದೆ ಪರಾವಲಂಬಿ ಸಾಯಲೆಂದು ದೊಡ್ಡ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಡಿ. ಹಾಗೆ ಮಾಡುವವರಿಗೆ ಮೀನನ್ನು ಅಲ್ಲಿಯವರೆಗೆ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ, ಅದಕ್ಕೆ ಬೇರೆ ಹಣವಿಲ್ಲ.

ಇಂತಿ,
ಅಂಗಡಿಯ ಬಳಗ