ಹಸಿ ಸುಳ್ಳಿಗೆ ವಿರುದ್ಧ ಪದ ಯಾವುದು?

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಪದಗಳೇ ಗೊತ್ತಿಲ್ಲ, ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುವುದಿಲ್ಲ ಎಂಬ ದೂರನ್ನು ನಿಮ್ಮ ಓದುಗರ ಪುಟದಲ್ಲಿ ಆಗಾಗ ನೋಡುತ್ತಿರುತ್ತೇನೆ. ದೂರು ಸುಳ್ಳಲ್ಲ. ಆದರೆ ಅದರಲ್ಲಿ ನಮ್ಮಂಥ ಟೀಚರುಗಳ ಪಾಲೂ ಇದೆ. ನನ್ನ ಪಾಲನ್ನು ಒಪ್ಪಿಕೊಂಡುಬಿಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಮೂರನೇ ತರಗತಿಗೆ ಗುಣವಾಚಕ ಕಲಿಸುವಾಗ ಬೋರ್ಡಿನ ಮೇಲೆ 'ಹಸಿ × ಒಣ' ಎಂದು ಬರೆದಿದ್ದೆ, ಮಕ್ಕಳು ನೋಟ್ಸಿಗೆ ಇಳಿಸಿಕೊಂಡಿದ್ದರು. ಮುಂದಿನ ವಾರದ ಟೆಸ್ಟಿನಲ್ಲಿ ಸ್ವಲ್ಪ ಜಾಣತನ ತೋರಿಸಲು ಹೋಗಿ ಹಸಿ ಸೌದೆ, ಹಸಿ ಗಾಯ, ಹಸಿ ಸುಳ್ಳು ಎಂದು ಮೂರು ಕೊಟ್ಟು, ಇವಕ್ಕೆ ವಿರುದ್ಧ ಬರೆಯಿರಿ ಅಂದೆ. ಒಬ್ಬ ಹುಡುಗಿ ಒಣ ಸೌದೆ, ಒಣ ಗಾಯ, ಒಣ ಸುಳ್ಳು ಎಂದು ಬರೆದಿದ್ದಳು. ಕೊನೆಯ ಎರಡಕ್ಕೂ ಕೆಂಪು ಗೆರೆ ಎಳೆದೆ. ಅವಳು ಪುಸ್ತಕ ಹಿಡಿದು ಬಂದು, 'ಮಿಸ್, ಹಸಿಗೆ ಒಣ ಅಂತ ನೀವೇ ಬರೆಸಿದ್ದು ಅಲ್ವಾ?' ಅಂದಳು. ಏನು ಹೇಳಲಿ? ಗಾಯ ಒಣಗುತ್ತದೆ ಅಂತ ನಾವೇ ಹೇಳುತ್ತೇವೆ, ಅದಕ್ಕೆ ಅರ್ಧ ಅಂಕವನ್ನಾದರೂ ಕೊಡಬೇಕಿತ್ತು. ಜಂಭ ಒಣ ಆಗಬಹುದು, ಮಾತು ಒಣ ಆಗಬಹುದು, ಸುಳ್ಳು ಮಾತ್ರ ಯಾಕೆ ಆಗಬಾರದು? ಅವಳ ಲೆಕ್ಕ ಸರಿಯಾಗಿಯೇ ಇತ್ತು. ಪದವನ್ನು ಅದರ ಜೊತೆಗಾರರಿಂದ ಬಿಡಿಸಿ ಒಂಟಿಯಾಗಿ ಬೋರ್ಡಿನ ಮೇಲೆ ನಿಲ್ಲಿಸಿದವಳು ನಾನು.

ಪದಗಳ ಅರ್ಥದ ಕಥೆಯೂ ಇದೇ. ವಿಶಾಲ ಅಂದರೆ ವಿಸ್ತಾರವಾದ, ಮೃದು ಅಂದರೆ ಕೋಮಲ. ಒಂದು ಗೊತ್ತಿಲ್ಲದ ಪದ ಇದ್ದ ಕಡೆ ಈಗ ಎರಡಾದವು, ಅಷ್ಟೇ. ಮಗು ಎರಡನ್ನೂ ಬಾಯಿಪಾಠ ಮಾಡಿ ಅಂಕ ತೆಗೆಯುತ್ತದೆ, ಆಮೇಲೆ ಸ್ವಂತ ವಾಕ್ಯ ಬರೆ ಅಂದರೆ 'ನಮ್ಮ ಮನೆಯಲ್ಲಿ ವಿಶಾಲ ಬಕೆಟ್ ಇದೆ' ಎಂದು ಬರೆಯುತ್ತದೆ. ನಾವು ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ನಗುತ್ತೇವೆ.

ಆ ಟೆಸ್ಟಿನ ನಂತರ ನಾನು ಒಂದು ಬಟ್ಟೆ ಚೀಲ ಇಟ್ಟುಕೊಂಡೆ. ಒಳಗೆ ಒಂದು ಹೊಳೆಗಲ್ಲು, ಹಕ್ಕಿ ಗರಿ, ಸ್ಪಂಜು, ಸ್ಯಾಂಡ್ ಪೇಪರಿನ ತುಂಡು. ಕಣ್ಣು ಮುಚ್ಚಿ ಕೈ ಹಾಕಬೇಕು, ವಸ್ತುವಿನ ಹೆಸರು ಹೇಳುವಂತಿಲ್ಲ, ಹೇಗಿದೆ ಅಂತ ಮಾತ್ರ ಹೇಳಬೇಕು. ಸ್ಯಾಂಡ್ ಪೇಪರ್ ಸಿಕ್ಕಿದವರು ಒರಟು ಅಂದರು, ತರಿತರಿ ಅಂದರು. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗ ಸುಮಾರು ಹೊತ್ತು ಬೆರಳಾಡಿಸಿ 'ಬೆಕ್ಕಿನ ನಾಲಿಗೆ ಥರ' ಅಂದ. ಅದು ಗುಣವಾಚಕ ಹೌದೋ ಅಲ್ಲವೋ ಎಂಬ ಚರ್ಚೆಗೆ ನಾನು ಇಳಿಯಲಿಲ್ಲ. ಒರಟು ಎಂಬ ಪದದ ಅರ್ಥ ಅವನ ಬೆರಳ ತುದಿಯಲ್ಲೇ ಇತ್ತು, ನಾನು ಪದವನ್ನಷ್ಟೇ ಕೊಟ್ಟೆ.

ಇನ್ನೊಂದು ದಿನ ಹೆಬ್ಬೆರಳಿನ ಸರದಿ. ಹಿರಿದು ಬೆರಳು ಹೆಬ್ಬೆರಳು, ಕಿರಿದು ಬೆರಳು ಕಿರುಬೆರಳು, ನೋಡಿ, ಗುಣವಾಚಕ ನಿಮ್ಮ ಕೈಯಲ್ಲೇ ಇದೆ ಅಂದೆ. ತಕ್ಷಣ ಒಬ್ಬಳು, 'ನಡುಬೆರಳೇ ಉದ್ದ ಅಲ್ವಾ ಮಿಸ್, ಅದು ಯಾಕೆ ಹೆಬ್ಬೆರಳಲ್ಲ?' ಅಂದಳು. ಅಲ್ಲಿಂದ ಶುರುವಾಯಿತು. ಉದ್ದ ಬೇರೆ, ದಪ್ಪ ಬೇರೆ, ದೊಡ್ಡದು ಬೇರೆ, ಎತ್ತರ ಬೇರೆ. ಮರ ಎತ್ತರ, ಅದೇ ಮರ ಕಡಿದು ಮಲಗಿಸಿದರೆ ಉದ್ದ. ದಪ್ಪ ಪುಸ್ತಕಕ್ಕೆ ವಿರುದ್ಧ ತೆಳು ಪುಸ್ತಕ, ಆದರೆ ದಪ್ಪ ಇರುವವನು ಇಳಿದರೆ ಸಣ್ಣ ಆದ ಅನ್ನುತ್ತೇವೆ. ದೊಡ್ಡ ಇಲಿ ದೊಡ್ಡದೋ ಚಿಕ್ಕ ಆನೆ ದೊಡ್ಡದೋ ಅಂತ ಕೇಳಿದೆ, ತರಗತಿ ಎರಡು ಪಕ್ಷವಾಯಿತು. ಬೆಲ್ ಹೊಡೆದದ್ದೂ ಗೊತ್ತಾಗಲಿಲ್ಲ, ಆ ದಿನದ ಪಾಠ ಮಾತ್ರ ಉಳಿದುಹೋಯಿತು. ಅದಕ್ಕೆ ನನ್ನನ್ನು ಕೇಳಿದವರೂ ಇದ್ದಾರೆ.

ಇದೇನೂ ನನ್ನ ಹೊಸ ಶೋಧ ಅಲ್ಲ. ಸೂಸನ್ ಕ್ಯಾರಿ ಮತ್ತು ಎಲ್ಸಾ ಬಾರ್ಟ್ಲೆಟ್ ಎಂಬ ಮನೋವಿಜ್ಞಾನಿಗಳು ಮೂರು-ನಾಲ್ಕು ವರ್ಷದ ಮಕ್ಕಳ ಜೊತೆ ಮಾಡಿದ ಒಂದು ಪ್ರಯೋಗ 1978ರಲ್ಲಿ ಪ್ರಕಟವಾಯಿತು. ಎರಡು ಟ್ರೇಗಳನ್ನು ತೋರಿಸಿ, ಮಕ್ಕಳಿಗೆ ಗೊತ್ತಿದ್ದ ಒಂದು ಬಣ್ಣದ ಹೆಸರು ಹೇಳಿ, 'ಅದಲ್ಲ, ಕ್ರೋಮಿಯಂ ಟ್ರೇ ತಗೊಂಡು ಬಾ' ಅಂದರು. ಮಕ್ಕಳು ಕ್ರೋಮಿಯಂ ಎಂಬ ಪದವನ್ನೇ ಕೇಳಿರಲಿಲ್ಲ. ಯಾರೂ ಅರ್ಥ ಹೇಳಲಿಲ್ಲ, ಆದರೂ ಅದೊಂದು ಬಣ್ಣದ ಹೆಸರು ಎಂದು ಹಲವರಿಗೆ ಹೊಳೆಯಿತು. ಪಕ್ಕದಲ್ಲಿ ಹೋಲಿಸಲು ಇನ್ನೊಂದು ಟ್ರೇ ಇತ್ತಲ್ಲ, ಅದೇ ಸಾಕಾಯಿತು.

'ನಾಮಪದದ ಗುಣ, ಸ್ವಭಾವ, ರೀತಿಗಳನ್ನು ತಿಳಿಸುವ ಪದವೇ ಗುಣವಾಚಕ' ಎಂಬ ಸಾಲನ್ನು ಕಲಿಸಬಾರದು ಅಂತ ನಾನು ಹೇಳುತ್ತಿಲ್ಲ. ಮೊದಲ ದಿನವೇ ಬೇಡ, ಅಷ್ಟೇ. ಬಾಯಿಪಾಠವೂ ಪೂರ್ತಿ ಕೆಟ್ಟದ್ದಲ್ಲ, ಮಗ್ಗಿಗೆ ಬೇಕು. ನನಗೆ ಜಾಸ್ತಿ ಸಿಟ್ಟು ಬರುವುದು ಪ್ರಶ್ನೆಪತ್ರಿಕೆಯ ಮೇಲೆ. ಅಲ್ಲಿ ಒಂದು ಅಂಕಕ್ಕೆ 'ಅರ್ಥ ಬರೆಯಿರಿ' ಎಂಬ ಪ್ರಶ್ನೆ ಇರುವವರೆಗೆ ಪೋಷಕರು ಬಾಯಿಪಾಠವನ್ನೇ ಕೇಳುತ್ತಾರೆ, ನಾವೂ ಅದನ್ನೇ ಮಾಡಿಸುತ್ತೇವೆ. ಅದರ ಬದಲು 'ಗಟ್ಟಿ' ಎಂಬ ಪದ ಕೊಟ್ಟು, ನೆಲ, ದನಿ, ಮನಸ್ಸು, ಬಿಸಿಲು, ಇವುಗಳಲ್ಲಿ ಯಾವುದರ ಜೊತೆ ಹೊಂದುತ್ತದೆ, ಯಾವುದರ ಜೊತೆ ಹೊಂದುವುದಿಲ್ಲ ಅಂತ ಕೇಳಿ ನೋಡಿ. ಉತ್ತರ ತಿದ್ದಲು ನಮಗೆ ಸ್ವಲ್ಪ ಕಷ್ಟ ಆಗುತ್ತದೆ, ಆಗಲಿ ಬಿಡಿ.

ಕೊನೆಗೆ ನಿಮಗೂ ಒಂದು ಕೋರಿಕೆ. ನಿಮ್ಮ ಮಕ್ಕಳ ಪುಟದಲ್ಲಿ ಪದ ಮತ್ತು ಅರ್ಥವನ್ನು ಜೋಡಿಸುವ ಪಟ್ಟಿ ಹಾಕುತ್ತೀರಿ. ಅದರ ಜಾಗದಲ್ಲಿ ವಾರಕ್ಕೆ ಒಂದೇ ಒಂದು ಪದ ಕೊಟ್ಟು, ಇದರ ಜೊತೆ ಏನೇನು ಸೇರುತ್ತದೆ ಬರೆದು ಕಳಿಸಿ ಅಂತ ಮಕ್ಕಳನ್ನೇ ಕೇಳಬಹುದಾ? ಮೊದಲ ವಾರಕ್ಕೆ 'ಹಸಿ' ಕೊಡಿ. ನನ್ನ ತರಗತಿಯಿಂದ ಒಂದು ಉತ್ತರವಂತೂ ಖಂಡಿತ ಬರುತ್ತದೆ.

ಇಂತಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ